ಮೇಲೆ ಟೊಮ್ಯಾಟೊ, ಕೆಳಗೆ ಆಲೂಗಡ್ಡೆ: ಒಂದು ಕಸಿಪ್ರಯೋಗದ ಚಾರಿತ್ರಿಕ ಅವಲೋಕನ

೧. ಪ್ರವೇಶ

ಆಲೂಗಡ್ಡೆ ಗಿಡದ ಬುಡಕ್ಕೆ ಟೊಮ್ಯಾಟೊ ಗಿಡದ ಕುಡಿಯನ್ನು ಕಸಿಕಟ್ಟಿದರೆ ಮೇಲೆ ಹಣ್ಣು, ನೆಲದೊಳಗೆ ಗೆಡ್ಡೆ ಎರಡೂ ದೊರೆಯುತ್ತವೆ. ಈ ಸಂಗತಿಯು ವೃತ್ತಪತ್ರಿಕೆಗಳಲ್ಲಿ ಆಗಾಗ ಹೊಸ ಆವಿಷ್ಕಾರವೆಂಬಂತೆ ವರದಿಯಾಗುವುದುಂಟು. ವಾಸ್ತವವಾಗಿ ಬದನೆಯ ಕುಟುಂಬಕ್ಕೆ ಸೇರಿದ ಗಿಡಗಳನ್ನು ಒಂದರ ಮೇಲೊಂದು ಕಸಿಮಾಡುವ ಪ್ರಯೋಗಗಳಿಗೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಆ ಇತಿಹಾಸವು ಕೇವಲ ತೋಟಗಾರಿಕೆಗೆ ಸೀಮಿತವಾದುದಲ್ಲ. ಆನುವಂಶಿಕತೆಯ ಸ್ವರೂಪವೇನು ಎಂಬ ಜೀವವಿಜ್ಞಾನದ ಮೂಲಭೂತ ವಿವಾದವೊಂದು ಇದೇ ಗಿಡಗಳ ಸುತ್ತ ಬೆಳೆದು, ಒಂದು ಘಟ್ಟದಲ್ಲಿ ರಾಜಕೀಯ ಅಧಿಕಾರದ ಕೈಗೆ ಸಿಕ್ಕಿ, ಅನೇಕ ವಿಜ್ಞಾನಿಗಳ ಬದುಕನ್ನೇ ಬಲಿ ತೆಗೆದುಕೊಂಡಿತು.

ಈ ಕಸಿಯ ಚರಿತ್ರೆಯಲ್ಲಿ ಎರಡು ಪ್ರಶ್ನೆಗಳು ಆರಂಭದಿಂದಲೂ ಹೆಣೆದುಕೊಂಡಿವೆ. ಕಸಿಯಿಂದ ಎರಡು ಸಸ್ಯಗಳ ಆನುವಂಶಿಕ ಗುಣಗಳು ಪರಸ್ಪರ ಬೆರೆಯುತ್ತವೆಯೇ ಎಂಬುದು ಮೊದಲನೆಯದು. ಕಸಿಯಿಂದ ಬೆಳವಣಿಗೆ ಹಾಗೂ ಇಳುವರಿ ಹೆಚ್ಚುತ್ತವೆಯೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಪ್ರಯೋಗಶಾಲೆಯಲ್ಲಿ, ಎರಡನೆಯದಕ್ಕೆ ಹೊಲದಲ್ಲಿ ಉತ್ತರ ಹುಡುಕಬೇಕು. ಇವೆರಡನ್ನೂ ಒಂದೆಂದು ಭಾವಿಸಿದಾಗಲೆಲ್ಲ ತಪ್ಪು ನಿರ್ಣಯಗಳು ಹುಟ್ಟಿಕೊಂಡಿವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ತೋರಿಸಲು ಪ್ರಯತ್ನಿಸಲಾಗಿದೆ. ಇಲ್ಲಿ ಬೇರು ಸಹಿತವಾದ ಕೆಳಭಾಗವನ್ನು 'ಬೇರುಸಸಿ' ಎಂದೂ ಅದರ ಮೇಲೆ ಕೂರಿಸುವ ಭಾಗವನ್ನು 'ಕುಡಿ' ಎಂದೂ ಕರೆಯಲಾಗಿದೆ.

೨. ಪ್ರಾಚೀನ ತಿಳಿವಳಿಕೆ ಮತ್ತು ಅದರ ಎಲ್ಲೆ

ಕಸಿಯ ಕಲೆ ಅತ್ಯಂತ ಪ್ರಾಚೀನವಾದುದು. ಆರನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯ ವೃಕ್ಷಾಯುರ್ವೇದ ಪ್ರಕರಣದಲ್ಲಿ ಕೊಂಬೆಗೆ ಸಗಣಿ ಬಳಿದು ಮತ್ತೊಂದು ಮರದ ಬೇರಿಗೋ ಕಾಂಡಕ್ಕೋ ಸೇರಿಸುವ ವಿಧಾನದ ಪ್ರಸ್ತಾಪವಿದೆ. ಕನ್ನಡದಲ್ಲಿ ೧೦೨೫ರ ಸುಮಾರಿಗೆ ರಚಿತವಾದ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ವೂ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನು ಮೀಸಲಿರಿಸಿದೆ. ರೋಮನ್ ಕವಿ ವರ್ಜಿಲ್ ತನ್ನ ಕೃಷಿಕಾವ್ಯದಲ್ಲಿ ಸಂಬಂಧವೇ ಇಲ್ಲದ ಮರಗಳ ಕಸಿಯನ್ನು ವರ್ಣಿಸಿದ್ದಾನೆ. ಈ ಬಗೆಯ ಗ್ರಂಥಗಳಲ್ಲಿ ಅನುಭವಸಿದ್ಧವಾದ ವಿಧಾನಗಳೊಡನೆ ಆಗಲಾರದ ಕಸಿಗಳೂ ಸೇರಿಕೊಂಡಿರುವುದನ್ನು ಗಮನಿಸಬೇಕು.

ಯಾವುದು ಯಾವುದಕ್ಕೆ ಕೂಡಿಕೊಳ್ಳುತ್ತದೆ ಎಂಬುದು ಮುಖ್ಯವಾಗಿ ಸಸ್ಯಗಳ ಬಂಧುತ್ವವನ್ನು ಅವಲಂಬಿಸಿದೆ. ಕೊಯ್ದ ಎರಡು ಮೈಗಳು ಒತ್ತಿಕೊಂಡಾಗ ಗಾಯದ ಜಾಗದಲ್ಲಿ ಮೊದಲು ಮೃದುವಾದ ಕೋಶರಾಶಿಯೊಂದು ಬೆಳೆಯುತ್ತದೆ. ಬಳಿಕ ಅದರ ಮೂಲಕ ನೀರು ಸಾಗಿಸುವ ನಾಳಗಳೂ ಸಕ್ಕರೆ ಸಾಗಿಸುವ ನಾಳಗಳೂ ಮರುಜೋಡಣೆಯಾಗುತ್ತವೆ. ಈ ಮರುಜೋಡಣೆ ಪೂರ್ಣಗೊಳ್ಳುವವರೆಗೆ ಕುಡಿಯು ಬಾಡದಂತೆ ನೆರಳಿನಲ್ಲಿ, ತೇವಭರಿತ ಗಾಳಿಯಲ್ಲಿ ಕಾಪಾಡಬೇಕಾಗುತ್ತದೆ. ಟೊಮ್ಯಾಟೊ ಮತ್ತು ಆಲೂಗಡ್ಡೆಗಳ ನಡುವೆ ಇದು ಸುಲಭವಾಗಿ ನಡೆಯುವುದಕ್ಕೆ ಅವು ಒಂದೇ ಕುಲಕ್ಕೆ ಸೇರಿರುವುದೇ ಕಾರಣ. ಲಿನೇಯಸ್ ೧೭೫೩ರಲ್ಲಿ ಟೊಮ್ಯಾಟೊವನ್ನು ಆಲೂಗಡ್ಡೆಯ ಜೊತೆಗೆ ಸೊಲಾನಮ್ ಕುಲದಲ್ಲಿಯೇ ಇರಿಸಿದ್ದರು. ಮರುವರ್ಷವೇ ಫಿಲಿಪ್ ಮಿಲ್ಲರ್ ಅದನ್ನು ಲೈಕೊಪರ್ಸಿಕಾನ್ ಎಂಬ ಪ್ರತ್ಯೇಕ ಕುಲವಾಗಿ ಬೇರ್ಪಡಿಸಿದರು. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಡಿಎನ್‌ಎ ಸಾಕ್ಷ್ಯಗಳು ಲಿನೇಯಸ್ ಅವರ ನಿರ್ಣಯವನ್ನೇ ಎತ್ತಿಹಿಡಿದವು. ಕಸಿಗಾರನ ಚಾಕು ಬಹುಕಾಲದಿಂದ ಹೇಳುತ್ತಿದ್ದ ಬಂಧುತ್ವವನ್ನು ವರ್ಗೀಕರಣ ಶಾಸ್ತ್ರವು ತಡವಾಗಿ ಒಪ್ಪಿಕೊಂಡಿತೆನ್ನಬಹುದು.

೩. ಡಾರ್ವಿನ್ ಎತ್ತಿದ ಪ್ರಶ್ನೆ

ಕಸಿಯಿಂದ ಹೊಸ ಸಂಕರ ಹುಟ್ಟಬಲ್ಲುದೇ ಎಂಬ ಪ್ರಶ್ನೆಯನ್ನು ಗಂಭೀರ ವೈಜ್ಞಾನಿಕ ಚರ್ಚೆಗೆ ತಂದವರಲ್ಲಿ ಚಾರ್ಲ್ಸ್ ಡಾರ್ವಿನ್ ಪ್ರಮುಖರು. ಸಾಕಿದ ಪ್ರಾಣಿ ಮತ್ತು ಬೆಳೆಸಿದ ಸಸ್ಯಗಳ ವ್ಯತ್ಯಯಗಳನ್ನು ಕುರಿತು ೧೮೬೮ರಲ್ಲಿ ಪ್ರಕಟಿಸಿದ ಬೃಹತ್ಕೃತಿಯಲ್ಲಿ ಅವರು 'ಕಸಿಸಂಕರ'ಗಳ ಉದಾಹರಣೆಗಳನ್ನು ಸಂಗ್ರಹಿಸಿದರು. ಪ್ಯಾರಿಸ್ ಸಮೀಪದ ವಿತ್ರಿಯಲ್ಲಿ ಆದಾಂ ಎಂಬ ಸಸ್ಯೋದ್ಯಾನಿ ೧೮೨೫ರಲ್ಲಿ ಪಡೆದ 'ಸೈಟಿಸಸ್ ಆಡಮಿ' ಎಂಬ ವಿಚಿತ್ರ ಗಿಡ ಅವುಗಳಲ್ಲೊಂದು. ಒಂದೇ ಮರದಲ್ಲಿ ಹಳದಿ ಹೂವಿನ ಕೊಂಬೆ, ನೇರಳೆ ಹೂವಿನ ಕೊಂಬೆ ಹಾಗೂ ಎರಡರ ನಡುವಣ ಬಣ್ಣದ ಕೊಂಬೆಗಳು ಕಾಣಿಸಿಕೊಳ್ಳುತ್ತಿದ್ದವು.

ಆಲೂಗಡ್ಡೆಯೂ ಆ ಚರ್ಚೆಯಲ್ಲಿ ಸ್ಥಾನ ಪಡೆಯಿತು. ೧೮೬೭ರಲ್ಲಿ ಎಡಿನ್‌ಬರೋ ಸಸ್ಯಶಾಸ್ತ್ರ ಸಂಘದ ಮುಂದೆ ಟ್ರೇಲ್ ಎಂಬವರು ಮಂಡಿಸಿದ ವಿವರವನ್ನು ಡಾರ್ವಿನ್ ದಾಖಲಿಸಿದ್ದಾರೆ. ಸುಮಾರು ಅರವತ್ತು ನೀಲಿ ಮತ್ತು ಬಿಳಿ ಗೆಡ್ಡೆಗಳನ್ನು ಕಣ್ಣಿನ ನಡುವೆ ಸೀಳಿ, ಬಣ್ಣ ಬದಲಿಸಿ ಜೋಡಿಸಿ, ಉಳಿದ ಕಣ್ಣುಗಳನ್ನು ತೆಗೆದುಹಾಕಿದಾಗ ಕೆಲವು ಬಿಳಿಯ, ಕೆಲವು ನೀಲಿಯ ಗೆಡ್ಡೆಗಳನ್ನು ಕೊಟ್ಟವು. ನಾಲ್ಕೈದು ಜೋಡಿಗಳಲ್ಲಿ ಮಾತ್ರ ಎರಡೂ ಬಣ್ಣ ಬೆರೆತ ಗೆಡ್ಡೆಗಳು ದೊರೆತವೆಂದು ಅವರು ತಿಳಿಸಿದ್ದರು. ದೇಹದ ಎಲ್ಲ ಭಾಗಗಳಿಂದಲೂ ಸೂಕ್ಷ್ಮಕಣಗಳು ಹೊರಟು ಸಂತಾನಕ್ಕೆ ಗುಣಗಳನ್ನು ಒಯ್ಯುತ್ತವೆಂಬ ತಮ್ಮ ಊಹೆಗೆ ಇಂಥ ಘಟನೆಗಳು ಬೆಂಬಲ ನೀಡುತ್ತವೆಂದು ಡಾರ್ವಿನ್ ಭಾವಿಸಿದರು. ಮೆಂಡೆಲ್ ಅವರ ಕೆಲಸ ಇನ್ನೂ ಬೆಳಕಿಗೆ ಬಾರದಿದ್ದ ಕಾಲದಲ್ಲಿ ಈ ನಿಲುವು ಅಸಂಗತವಾಗಿರಲಿಲ್ಲ. ಬಣ್ಣ ಬೆರೆತ ಗೆಡ್ಡೆಗೆ ಬೇರೊಂದು ಕಾರಣವಿರಬಹುದೆಂಬುದು ತಿಳಿಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

೪. ಟ್ಯೂಬಿಂಗೆನ್ ನಗರದ ಪ್ರಯೋಗಗಳು

ಈ ಪ್ರಶ್ನೆಗೆ ಉತ್ತರ ಹುಡುಕಿದ ಕೇಂದ್ರಗಳಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯಕ್ಕೆ ವಿಶೇಷ ಸ್ಥಾನವಿದೆ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಹೆರ್ಮನ್ ಫ್ಯೋಖ್ಟಿಂಗ್ ಸಸ್ಯದೇಹದ ಕಸಿಯನ್ನು ಕುರಿತ ವಿಸ್ತೃತ ಗ್ರಂಥವೊಂದನ್ನು ೧೮೯೨ರಲ್ಲಿ ಪ್ರಕಟಿಸಿದರು. ಅದೇ ಅವಧಿಯಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಲೂಸಿಯೆನ್ ದಾನಿಯೆಲ್ ಕಸಿಯಿಂದ ಆನುವಂಶಿಕ ಬದಲಾವಣೆ ಆಗುತ್ತದೆಂದು ವಾದಿಸುತ್ತಿದ್ದರು.

ನಿರ್ಣಾಯಕ ಪ್ರಯೋಗವನ್ನು ಮಾಡಿದವರು ಟ್ಯೂಬಿಂಗೆನ್‌ನಲ್ಲಿಯೇ ಇದ್ದ ಹಾನ್ಸ್ ವಿಂಕ್ಲರ್. ಅವರು ಟೊಮ್ಯಾಟೊ ಮತ್ತು ಕಾಕಿಗಿಡಗಳನ್ನು ಒಂದಕ್ಕೊಂದು ಕಸಿಕಟ್ಟಿ, ಕಸಿ ಕೂಡಿದ ನಂತರ ಆ ಸಂಧಿಯ ಜಾಗದಲ್ಲಿಯೇ ಗಿಡವನ್ನು ಕತ್ತರಿಸಿದರು. ಕತ್ತರಿಸಿದ ಮೈಯಿಂದ ಚಿಗುರುಗಳು ಒಡೆದಾಗ ಅವುಗಳಲ್ಲಿ ಬಹುತೇಕವು ಶುದ್ಧ ಟೊಮ್ಯಾಟೊ ಅಥವಾ ಶುದ್ಧ ಕಾಕಿಗಿಡವಾಗಿದ್ದವು. ೧೯೦೭ರಲ್ಲಿ ಒಂದು ಚಿಗುರು ಮಾತ್ರ ಒಂದು ಪಾರ್ಶ್ವದಲ್ಲಿ ಟೊಮ್ಯಾಟೊ, ಇನ್ನೊಂದು ಪಾರ್ಶ್ವದಲ್ಲಿ ಕಾಕಿಗಿಡದ ಲಕ್ಷಣಗಳನ್ನು ತಳೆದು ಬೆಳೆಯಿತು. ಗ್ರೀಕ್ ಪುರಾಣದ ಬಹುದೇಹಿ ಪ್ರಾಣಿಯ ಹೆಸರನ್ನು ಆಯ್ದು ವಿಂಕ್ಲರ್ ಅದನ್ನು 'ಕೈಮೀರಾ' ಎಂದು ಕರೆದರು. ಆ ಪದವು ಜೀವವಿಜ್ಞಾನದ ಪರಿಭಾಷೆಯಲ್ಲಿ ಸ್ಥಿರವಾಗಿ ನೆಲೆಗೊಂಡಿತು. ಜೀವಿಯೊಂದರ ಸಮಗ್ರ ವರ್ಣತಂತು ಸಮೂಹಕ್ಕೆ 'ಜೀನೋಮ್' ಎಂಬ ಪದವನ್ನು ೧೯೨೦ರಲ್ಲಿ ಟಂಕಿಸಿದವರೂ ಇವರೇ ಎಂಬುದು ಉಲ್ಲೇಖಾರ್ಹ.

ಮುಂದಿನ ವರ್ಷ ವಿಂಕ್ಲರ್ ಎರಡೂ ಸಸ್ಯಗಳ ನಡುವಣ ರೂಪದ ಚಿಗುರೊಂದನ್ನು ಪಡೆದು, ಅದನ್ನು ನಿಜವಾದ ಕಸಿಸಂಕರವೆಂದು ಘೋಷಿಸಿ, ತಮ್ಮ ಊರಿನ ಹೆಸರಿನಲ್ಲಿ 'ಸೊಲಾನಮ್ ಟ್ಯೂಬಿಂಗೆನ್ಸೆ' ಎಂದು ನಾಮಕರಣ ಮಾಡಿದರು. ಆದರೆ ೧೯೦೯ರಲ್ಲಿ ಎರ್ವಿನ್ ಬೌರ್ ಜಿರೇನಿಯಮ್ ಗಿಡಗಳ ಅಧ್ಯಯನದಿಂದ ಇದಕ್ಕೆ ಬೇರೆಯೇ ವಿವರಣೆಯಿದೆಯೆಂದು ತೋರಿಸಿದರು. ಸಸ್ಯದ ಬೆಳವಣಿಗೆಯ ತುದಿಯಲ್ಲಿ ಕೋಶಗಳು ಪದರಪದರವಾಗಿ ಜೋಡಣೆಗೊಂಡಿರುತ್ತವೆ. ಹೊರಪದರ ಒಂದು ಸಸ್ಯದ್ದಾಗಿ, ಒಳಪದರ ಇನ್ನೊಂದರದ್ದಾಗಿದ್ದರೆ ಗಿಡವು ನಡುವಣ ರೂಪ ತಳೆಯುತ್ತದೆ. ಕೋಶಗಳು ನೆರೆಹೊರೆಯಾಗಿ ಬಾಳುತ್ತವೆಯೇ ಹೊರತು ಒಂದಾಗುವುದಿಲ್ಲ. ಟೊಮ್ಯಾಟೊ ಕೋಶಗಳಲ್ಲಿ ೨೪, ಕಾಕಿಗಿಡದ ಕೋಶಗಳಲ್ಲಿ ೭೨ ವರ್ಣತಂತುಗಳಿರುವುದರಿಂದ ಸೂಕ್ಷ್ಮದರ್ಶಕದಲ್ಲಿ ಎಣಿಸಿಯೇ ಪದರಗಳನ್ನು ಗುರುತಿಸಲು ಸಾಧ್ಯವಾಯಿತು. ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯಲ್ಲಿ ಯೋರ್ಗೆನ್ಸೆನ್ ಮತ್ತು ಕ್ರೇನ್ ೧೯೨೭ರಲ್ಲಿ ಪ್ರಕಟಿಸಿದ ಸೊಲಾನಮ್ ಕೈಮೀರಾಗಳ ಅಧ್ಯಯನ ಈ ತಿಳಿವಳಿಕೆಯನ್ನು ದೃಢಪಡಿಸಿತು. ಅದೇ ವರ್ಷ ರಷ್ಯಾದ ಅಸ್ಸೆಯೇವಾ ಆಲೂಗಡ್ಡೆಯ ಕಣ್ಣುಗಳನ್ನು ಕೆತ್ತಿ, ಒಳಪದರದಿಂದ ಚಿಗುರು ಬರುವಂತೆ ಮಾಡಿ, ಹಲವು ಬಣ್ಣದ ತಳಿಗಳು ಮೂಲತಃ ಪದರ ಕೈಮೀರಾಗಳೆಂದು ತೋರಿಸಿದರು. ಡಾರ್ವಿನ್ ಸಂಗ್ರಹಿಸಿದ್ದ ಬಣ್ಣ ಬೆರೆತ ಗೆಡ್ಡೆಗಳನ್ನು ಮರುಚಿಂತಿಸಲು ಇದರಿಂದ ಆಧಾರ ಸಿಕ್ಕಿತು.

೫. ವಿವಾದವು ಅಧಿಕಾರದ ಕೈಗೆ ಸಿಕ್ಕಾಗ

ಪ್ರಯೋಗಶಾಲೆಯಲ್ಲಿ ಬಹುಮಟ್ಟಿಗೆ ಇತ್ಯರ್ಥವಾಗಿದ್ದ ಈ ಪ್ರಶ್ನೆಯು ಸೋವಿಯತ್ ಒಕ್ಕೂಟದಲ್ಲಿ ಮತ್ತೆ ತಲೆಯೆತ್ತಿತು. ಹಣ್ಣಿನ ತಳಿಗಳನ್ನು ರೂಪಿಸುತ್ತಿದ್ದ ಇವಾನ್ ಮಿಚುರಿನ್ ಎಳೆಯ ಸಂಕರಸಸಿಗಳನ್ನು ಬಲಿತ ಮರಗಳಿಗೆ ಕಸಿಕಟ್ಟಿ ಅವುಗಳ ಗುಣವನ್ನು 'ತಿದ್ದುವ' ವಿಧಾನವನ್ನು ಪ್ರತಿಪಾದಿಸಿದ್ದರು. ೧೯೩೫ರಲ್ಲಿ ಮಿಚುರಿನ್ ನಿಧನರಾದ ಬಳಿಕ ಟ್ರೋಫಿಮ್ ಲಿಸೆಂಕೊ ಅವರ ಹೆಸರನ್ನು ಮುಂದಿಟ್ಟುಕೊಂಡು, ಕಸಿಯಿಂದ ಆನುವಂಶಿಕ ಗುಣಗಳು ವರ್ಗಾವಣೆಯಾಗುತ್ತವೆಂದೂ ವರ್ಣತಂತುಗಳ ಸಿದ್ಧಾಂತವು ಸುಳ್ಳೆಂದೂ ಸಾಧಿಸಲು ಹೊರಟರು. ಈ ವಾದಕ್ಕೆ ಒದಗಿಸಲಾದ ಸಾಕ್ಷ್ಯಗಳಲ್ಲಿ ಟೊಮ್ಯಾಟೊ ಕಸಿಗಳು ಮುಖ್ಯವಾಗಿದ್ದವು. ಇವಾನ್ ಗ್ಲುಶ್ಚೆಂಕೊ ಸಸ್ಯಾಂಗ ಸಂಕರವನ್ನು ಕುರಿತು ಗ್ರಂಥವನ್ನೇ ರಚಿಸಿದರು.

ಇದಕ್ಕೆ ವಿರುದ್ಧ ನಿಂತಿದ್ದ ಪರಂಪರೆ ನಿಕೊಲಾಯ್ ವಾವಿಲೋವ್ ಅವರದು. ಅವರ ಸಂಸ್ಥೆಯ ಬುಕಾಸೋವ್ ಮತ್ತು ಯುಜೆಪ್ಚುಕ್ ೧೯೨೫ರಿಂದ ೧೯೨೮ರ ಅವಧಿಯಲ್ಲಿ ಮೆಕ್ಸಿಕೊದಿಂದ ಚಿಲಿಯವರೆಗೆ ಸಂಚರಿಸಿ ಆಲೂಗಡ್ಡೆಯ ಕಾಡುಬಂಧುಗಳನ್ನೂ ನಾಟಿ ತಳಿಗಳನ್ನೂ ಸಂಗ್ರಹಿಸಿದ್ದರು. ರೋಗನಿರೋಧಕ ಗುಣವನ್ನು ಬೀಜಸಂಕರದ ಮೂಲಕ ಬೆಳೆಗೆ ತರಬೇಕೆಂಬುದು ಅವರ ಮಾರ್ಗ. ೧೯೪೦ರ ಆಗಸ್ಟ್‌ನಲ್ಲಿ ವಾವಿಲೋವ್ ಬಂಧಿತರಾದರು. ೧೯೪೩ರ ಜನವರಿಯಲ್ಲಿ ಸರಾಟೋವ್ ಸೆರೆಮನೆಯಲ್ಲಿ ಕೊನೆಯುಸಿರೆಳೆದರು. ಜಗತ್ತಿನ ಹಸಿವನ್ನು ನೀಗಿಸಲೆಂದು ಬೀಜ ಕೂಡಿಟ್ಟವರು ಸೆರೆಯಲ್ಲಿ ಅನ್ನವಿಲ್ಲದೆ ಕೃಶರಾಗಿ ಮಡಿದರೆಂಬುದು ವಿಜ್ಞಾನದ ಇತಿಹಾಸದ ಅತ್ಯಂತ ದಾರುಣ ಅಧ್ಯಾಯಗಳಲ್ಲೊಂದು. ೧೯೪೮ರ ಜುಲೈ ೩೧ರಿಂದ ಆಗಸ್ಟ್ ೭ರವರೆಗೆ ಮಾಸ್ಕೊದಲ್ಲಿ ನಡೆದ ಕೃಷಿವಿಜ್ಞಾನ ಅಕಾಡೆಮಿಯ ಅಧಿವೇಶನದಲ್ಲಿ ಲಿಸೆಂಕೊ ಅವರ ಮತಕ್ಕೆ ಅಧಿಕೃತ ಮುದ್ರೆ ಬಿದ್ದಿತು. ತಳಿವಿಜ್ಞಾನದ ವಿಭಾಗಗಳು ಮುಚ್ಚಿದವು, ಅನೇಕರು ಉದ್ಯೋಗ ಕಳೆದುಕೊಂಡರು. ೧೯೬೫ರಲ್ಲಿ ಲಿಸೆಂಕೊ ತಳಿವಿಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನದಿಂದ ಇಳಿಯುವವರೆಗೂ ಈ ಪ್ರಭಾವ ಉಳಿದಿತ್ತು.

ಕಸಿ ಎಂಬ ಪ್ರಯೋಗವಿಧಾನವೇ ನಿರರ್ಥಕವೆಂದು ಇದರಿಂದ ತೀರ್ಮಾನಿಸುವಂತಿಲ್ಲ. ಅದೇ ಕಾಲದಲ್ಲಿ ಬೇರೆಡೆ ಇದೇ ವಿಧಾನ ಬೆಲೆಯುಳ್ಳ ಸತ್ಯಗಳನ್ನು ಹೊರಗೆಡವಿತು. ೧೯೪೨ರಲ್ಲಿ ಅಮೆರಿಕದ ರೇ ಡಾಸನ್ ಟೊಮ್ಯಾಟೊ ಬೇರಿನ ಮೇಲೆ ತಂಬಾಕಿನ ಕುಡಿಯನ್ನು ಕಸಿಕಟ್ಟಿದಾಗ ತಂಬಾಕಿನ ಹೊಸ ಎಲೆಗಳಲ್ಲಿ ನಿಕೋಟಿನ್ ಉತ್ಪತ್ತಿಯಾಗಲಿಲ್ಲ. ತಂಬಾಕಿನ ಬೇರಿನ ಮೇಲೆ ಕಟ್ಟಿದ ಟೊಮ್ಯಾಟೊ ಎಲೆಗಳಲ್ಲಿ ಅದು ಕಂಡುಬಂದಿತು. ನಿಕೋಟಿನ್ ತಯಾರಾಗುವುದು ಎಲೆಯಲ್ಲಲ್ಲ, ಬೇರಿನಲ್ಲಿ ಎಂಬುದು ಹೀಗೆ ಖಚಿತವಾಯಿತು. ಕಸಿಯ ಸಂಧಿಯನ್ನು ದಾಟಿ ವಸ್ತುಗಳು ಸಾಗುವುದು ಬೇರೆ, ಆನುವಂಶಿಕತೆ ಬದಲಾಗುವುದು ಬೇರೆ ಎಂಬ ವಿವೇಕ ಈ ಪ್ರಯೋಗದಲ್ಲಿ ಸ್ಪಷ್ಟವಾಗಿದೆ.

೬. ಕೋಶಗಳ ನಿಜವಾದ ಮಿಲನ

ಕಸಿಯಿಂದ ಆಗದ ಮಿಲನವನ್ನು ಸಾಧಿಸುವ ಪ್ರಯತ್ನ ಮತ್ತೆ ಟ್ಯೂಬಿಂಗೆನ್‌ನಲ್ಲಿಯೇ ನಡೆಯಿತು. ಅಲ್ಲಿನ ಮಾಕ್ಸ್ ಪ್ಲಾಂಕ್ ಜೀವವಿಜ್ಞಾನ ಸಂಸ್ಥೆಯ ಗೇಯೋರ್ಗ್ ಮೆಲ್ಖರ್ಸ್ ಮತ್ತು ಸಹೋದ್ಯೋಗಿಗಳು ಟೊಮ್ಯಾಟೊ ಹಾಗೂ ಆಲೂಗಡ್ಡೆಯ ಕೋಶಗಳ ಭಿತ್ತಿಯನ್ನು ಕಿಣ್ವಗಳಿಂದ ಕರಗಿಸಿ, ಬೆತ್ತಲೆ ಕೋಶಗಳನ್ನು ಬೆಸೆದು, ಅವುಗಳಿಂದ ಇಡೀ ಗಿಡಗಳನ್ನು ಬೆಳೆಸಿದ ವಿವರವನ್ನು ೧೯೭೮ರಲ್ಲಿ ಪ್ರಕಟಿಸಿದರು. ಎರಡೂ ಸಸ್ಯಗಳ ವರ್ಣತಂತುಗಳು ಒಂದೇ ಕೋಶದಲ್ಲಿ ಕೂಡಿದ ನಿಜವಾದ ಸಂಕರ ಇದಾಗಿತ್ತು. ಫಲಿತಾಂಶ ಮಾತ್ರ ಹೊಲಕ್ಕೆ ಒದಗುವಂತಿರಲಿಲ್ಲ. ಗಿಡಗಳು ಬೀಜ ಕಟ್ಟಲಿಲ್ಲ. ತಿನ್ನಲು ಯೋಗ್ಯವಾದ ಹಣ್ಣಾಗಲಿ ಗೆಡ್ಡೆಯಾಗಲಿ ದೊರೆಯಲಿಲ್ಲ. ಇಲ್ಲಿ ಗಮನಿಸಬೇಕಾದ ವೈಪರೀತ್ಯವೊಂದಿದೆ. ಎರಡೂ ಸಸ್ಯಗಳು ತಮ್ಮತನವನ್ನು ಉಳಿಸಿಕೊಳ್ಳುವ ಸಾಮಾನ್ಯ ಕಸಿಯಲ್ಲಿ ಹಣ್ಣು ಮತ್ತು ಗೆಡ್ಡೆ ಎರಡೂ ಬರುತ್ತವೆ. ಎರಡೂ ಒಂದಾದ ಸಂಕರದಲ್ಲಿ ಯಾವುದೂ ಸರಿಯಾಗಿ ಬರಲಿಲ್ಲ. ಕಸಿಯ ಲಾಭವು ಗುಣಗಳ ಬೆರಕೆಯಿಂದಲ್ಲ, ಕೆಲಸದ ಹಂಚಿಕೆಯಿಂದ ದೊರೆಯುತ್ತದೆ.

೭. ಇಳುವರಿಯ ಲೆಕ್ಕಾಚಾರ

೨೦೧೩ರಲ್ಲಿ ಇಂಗ್ಲೆಂಡಿನ ಥಾಂಪ್ಸನ್ ಅಂಡ್ ಮಾರ್ಗನ್ ಬೀಜಸಂಸ್ಥೆಯು ಇಂಥ ಕಸಿಗಿಡಗಳನ್ನು 'ಟಾಮ್‌ಟೇಟೊ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಒಂದು ಗಿಡದಿಂದ ಐನೂರರವರೆಗೆ ಸಣ್ಣ ಟೊಮ್ಯಾಟೊಗಳು ದೊರೆಯುತ್ತವೆಂದು ಸಂಸ್ಥೆ ಪ್ರಚಾರ ಮಾಡಿತು. ಭಾರತದಲ್ಲಿ ವಾರಾಣಸಿಯ ಭಾರತೀಯ ತರಕಾರಿ ಸಂಶೋಧನಾ ಸಂಸ್ಥೆಯು ಆಲೂಗಡ್ಡೆ–ಟೊಮ್ಯಾಟೊ ಕಸಿಯನ್ನೂ, ಬದನೆಯ ಬೇರುಸಸಿಯ ಮೇಲೆ ಬದನೆ ಮತ್ತು ಟೊಮ್ಯಾಟೊ ಎರಡು ಕುಡಿಗಳನ್ನು ಕೂರಿಸಿದ 'ಬ್ರಿಮ್ಯಾಟೊ'ವನ್ನೂ ಪ್ರದರ್ಶಿಸಿತು. ೨೦೨೧ರಲ್ಲಿ ಪ್ರಕಟವಾದ ವಿವರದಂತೆ ಬ್ರಿಮ್ಯಾಟೊ ಗಿಡವೊಂದು ಎರಡು ಕಿಲೋಗ್ರಾಮಿಗೂ ಮಿಗಿಲಾಗಿ ಟೊಮ್ಯಾಟೊವನ್ನೂ ಅಷ್ಟೇ ಪ್ರಮಾಣದ ಬದನೆಯನ್ನೂ ನೀಡಿತು. ಹಾಗಾದರೆ ಹಾಸನದ ಆಲೂಗಡ್ಡೆ ಹೊಲದಲ್ಲಿಯೋ ಕೋಲಾರದ ಟೊಮ್ಯಾಟೊ ತೋಟದಲ್ಲಿಯೋ ಈ ಕಸಿ ಏಕೆ ಬೇರೂರಲಿಲ್ಲ?

ಮೊದಲನೆಯ ಕಾರಣ ಆಹಾರದ ಹಂಚಿಕೆ. ಬಿಸಿಲಿನಲ್ಲಿ ಎಲೆಗಳು ತಯಾರಿಸುವ ಸಕ್ಕರೆಯ ಪ್ರಮಾಣಕ್ಕೆ ಮಿತಿಯಿದೆ. ಹಣ್ಣು ಮತ್ತು ಗೆಡ್ಡೆ ಎರಡೂ ಅದಕ್ಕಾಗಿ ಸ್ಪರ್ಧಿಸುತ್ತವೆ. ಆಲೂಗಡ್ಡೆಯ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಒಣಪದಾರ್ಥ. ಟೊಮ್ಯಾಟೊದಲ್ಲಿ ಅದು ಶೇಕಡ ೫–೬ ಮಾತ್ರ. ಒಂದು ಕಿಲೋಗ್ರಾಮ್ ಗೆಡ್ಡೆಗೆ ಸುಮಾರು ೨೦೦ ಗ್ರಾಮ್ ಒಣಪದಾರ್ಥ ಬೇಕಾದರೆ ಅಷ್ಟರಲ್ಲಿ ಮೂರರಿಂದ ನಾಲ್ಕು ಕಿಲೋಗ್ರಾಮ್ ಟೊಮ್ಯಾಟೊ ತಯಾರಾಗಬಹುದು. ಆದಕಾರಣ ಎರಡು ಬೆಳೆಗಳ ತೂಕವನ್ನು ಸುಮ್ಮನೆ ಕೂಡಿಸಿ 'ಇಳುವರಿ ಇಮ್ಮಡಿಸಿತು' ಎನ್ನುವುದು ಸರಿಯಾದ ಅಳತೆಯಲ್ಲ.

ಎರಡನೆಯದು ಅಂತರ ಮತ್ತು ಶ್ರಮ. ಆಲೂಗಡ್ಡೆಯನ್ನು ೬೦ × ೨೦ ಸೆಂಟಿಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು ೮೩ ಸಾವಿರ ಗಿಡಗಳಾಗುತ್ತವೆ. ಪ್ರತಿಯೊಂದನ್ನೂ ಕೈಯಿಂದ ಕಸಿಕಟ್ಟುವುದು ಅಸಾಧ್ಯಪ್ರಾಯ. ಟೊಮ್ಯಾಟೊಗೆ ಬೇಕಾದ ಅಗಲದ ಅಂತರ ಕೊಟ್ಟರೆ ಗಿಡಗಳ ಸಂಖ್ಯೆ ಇಳಿದು ಗೆಡ್ಡೆಯ ಒಟ್ಟು ಉತ್ಪನ್ನ ಕುಸಿಯುತ್ತದೆ. ಆಲೂಗಡ್ಡೆಗೆ ಬುಡಕ್ಕೆ ಮಣ್ಣೇರಿಸಬೇಕು. ಆದರೆ ಮಣ್ಣು ಕಸಿಯ ಸಂಧಿಯನ್ನು ಮುಚ್ಚಿದರೆ ಟೊಮ್ಯಾಟೊ ಕಾಂಡ ತನ್ನದೇ ಬೇರು ಬಿಡುತ್ತದೆ. ಗೆಡ್ಡೆ ಕಟ್ಟಲು ತಂಪಾದ ಮಣ್ಣು ಬೇಕು, ಹಣ್ಣು ಮಾಗಲು ಅದಕ್ಕಿಂತ ಬೆಚ್ಚನೆಯ ಹವೆ ಬೇಕು. ಟೊಮ್ಯಾಟೊ ಕೊಯ್ಲು ವಾರಗಟ್ಟಲೆ ಸಾಗಿದರೆ, ಗೆಡ್ಡೆಯನ್ನು ಪಡೆಯಲು ಗಿಡವನ್ನೇ ಕೀಳಬೇಕು.

ಮೂರನೆಯ ಹಾಗೂ ಅತಿ ಮುಖ್ಯವಾದ ಕಾರಣ ರೋಗ. ೧೮೪೫ರಲ್ಲಿ ಐರ್ಲೆಂಡಿನ ಮಹಾಕ್ಷಾಮಕ್ಕೆ ಕಾರಣವಾದ ಅಂಗಮಾರಿ ರೋಗ ಟೊಮ್ಯಾಟೊವನ್ನೂ ಬಾಧಿಸುತ್ತದೆ. ದುಂಡಾಣು ಸೊರಗು ರೋಗಕ್ಕೂ ಎರಡೂ ತುತ್ತಾಗುತ್ತವೆ. ಅಂದರೆ ಟೊಮ್ಯಾಟೊಗೆ ಇಲ್ಲದ ರಕ್ಷಣೆಯನ್ನು ಆಲೂಗಡ್ಡೆಯ ಬೇರು ಒದಗಿಸುವುದಿಲ್ಲ.

೮. ಯಶಸ್ವಿಯಾದ ಇನ್ನೊಂದು ದಾರಿ

ತರಕಾರಿಗಳ ಕಸಿ ಆರ್ಥಿಕವಾಗಿ ಗೆದ್ದದ್ದು ಬೇರೊಂದು ತತ್ತ್ವದ ಮೇಲೆ. ಜಪಾನ್ ಮತ್ತು ಕೊರಿಯಾಗಳಲ್ಲಿ ೧೯೨೦ರ ದಶಕದಲ್ಲಿ ಸೊರಗು ರೋಗದಿಂದ ಕಲ್ಲಂಗಡಿಯನ್ನು ಕಾಪಾಡಲು ಸೋರೆಯ ಬೇರುಸಸಿಯ ಮೇಲೆ ಕಸಿ ಮಾಡಲಾರಂಭಿಸಿದರು. ಅಲ್ಲಿ ಎರಡು ಫಸಲಿನ ಆಸೆಯಿರಲಿಲ್ಲ. ರೋಗಪೀಡಿತ ಮಣ್ಣಿನಲ್ಲಿ ಒಂದು ಫಸಲನ್ನು ಉಳಿಸಿಕೊಳ್ಳುವುದೇ ಗುರಿಯಾಗಿತ್ತು. ತೈವಾನಿನ ವಿಶ್ವ ತರಕಾರಿ ಕೇಂದ್ರವು ನೆರೆ ಮತ್ತು ಸೊರಗು ರೋಗ ಎರಡನ್ನೂ ತಾಳಬಲ್ಲ ಬದನೆಯ ಬೇರುಸಸಿಗಳನ್ನು ಟೊಮ್ಯಾಟೊಗಾಗಿ ಆಯ್ಕೆಮಾಡಿತು. ಮಳೆಗಾಲದಲ್ಲಿ ನೀರು ನಿಂತ ಹೊಲದಲ್ಲಿ ಸಾಮಾನ್ಯ ಟೊಮ್ಯಾಟೊ ಬೇರು ಉಸಿರುಗಟ್ಟಿ ಸಾಯುವಾಗ ಬದನೆಯ ಬೇರು ಬದುಕುಳಿಯುತ್ತದೆ. ಬೆಳೆಯೇ ಕೈತಪ್ಪುವ ಹೊಲದಲ್ಲಿ ಬೆಳೆ ಉಳಿಯುವುದೇ ಇಲ್ಲಿನ 'ಹೆಚ್ಚುವರಿ ಇಳುವರಿ'. ಸೊರಗು ರೋಗದ ಹಾವಳಿಯಿರುವ ನಮ್ಮ ನಾಡಿನ ಪ್ರದೇಶಗಳಿಗೂ ಆಲೂಗಡ್ಡೆಯ ಬೇರಿಗಿಂತ ಬದನೆಯ ಬೇರೇ ಹೆಚ್ಚು ಪ್ರಸ್ತುತವಾದುದು.

೯. ಹೊಸ ಶೋಧಗಳ ಬೆಳಕಿನಲ್ಲಿ

ಇತ್ತೀಚಿನ ಸಂಶೋಧನೆಗಳು ಹಳೆಯ ವಿವಾದಕ್ಕೆ ಹೊಸ ಆಯಾಮ ನೀಡಿವೆ. ೨೦೦೯ರಲ್ಲಿ ಸ್ಟೆಗೆಮಾನ್ ಮತ್ತು ಬಾಕ್ ತಂಬಾಕು ಗಿಡಗಳ ಕಸಿಸಂಧಿಯಲ್ಲಿ ಹರಿತ್ಕಣಗಳ ಡಿಎನ್‌ಎ ಒಂದು ಕೋಶದಿಂದ ಇನ್ನೊಂದಕ್ಕೆ ದಾಟುವುದನ್ನು ತೋರಿಸಿದರು. ೨೦೧೪ರಲ್ಲಿ ಅದೇ ತಂಡವು ಇಡೀ ಕೋಶಕೇಂದ್ರದ ಜೀನೋಮ್ ದಾಟಿ ಹೊಸ ತಂಬಾಕು ಪ್ರಭೇದವೇ ಉಂಟಾಗಬಲ್ಲದೆಂದು ವರದಿ ಮಾಡಿತು. ಆದರೆ ಈ ವರ್ಗಾವಣೆ ನಡೆಯುವುದು ಸಂಧಿಯ ಕೋಶಗಳಲ್ಲಿ ಮಾತ್ರ. ಅದನ್ನು ಪಡೆಯಬೇಕಾದರೆ ಆ ಕೋಶಗಳನ್ನೇ ಆಯ್ದು ಅವುಗಳಿಂದ ಗಿಡಗಳನ್ನು ಬೆಳೆಸಬೇಕಾಗುತ್ತದೆ. ಸಂಧಿಯನ್ನು ದಾಟುವ ಕಿರು ಆರ್‌ಎನ್‌ಎಗಳು ಕೆಲವು ಜೀನ್‌ಗಳ ವರ್ತನೆಯನ್ನು ಮಾರ್ಪಡಿಸಬಲ್ಲವೆಂಬುದೂ ತಿಳಿದಿದೆ. ಇವು ಡಾರ್ವಿನ್ ಅವರ ಕುತೂಹಲವನ್ನು ಭಾಗಶಃ ಸಮರ್ಥಿಸುತ್ತವೆ. ಆದರೆ ಕಸಿಗಿಡದ ಬೀಜಗಳಲ್ಲಿ ಗುಣಗಳು ಸಾಮಾನ್ಯವಾಗಿ ಬೆರೆಯುತ್ತವೆಂಬ ಲಿಸೆಂಕೊ ಅವರ ಪ್ರತಿಪಾದನೆಗೆ ಇವುಗಳಿಂದ ಆಧಾರ ದೊರೆಯುವುದಿಲ್ಲ. ವರ್ಣತಂತುಗಳನ್ನು ನಿರಾಕರಿಸಿದ ಸಿದ್ಧಾಂತವನ್ನು ವರ್ಣತಂತುಗಳ ಚಲನೆಯಿಂದ ಸಮರ್ಥಿಸುವುದು ಸಾಧ್ಯವಿಲ್ಲ.

ಗೆಡ್ಡೆ ಕಟ್ಟುವ ಪ್ರಕ್ರಿಯೆಯ ತಿಳಿವಳಿಕೆಯಲ್ಲಿಯೂ ಕಸಿಯ ಪಾತ್ರ ದೊಡ್ಡದು. ಹೂವರಳಿಸುವ ಸಂಕೇತವು ಎಲೆಯಲ್ಲಿ ಹುಟ್ಟುತ್ತದೆಂದು ೧೯೩೦ರ ದಶಕದಲ್ಲಿ ಪ್ರತಿಪಾದಿಸಿದ ಚೈಲಾಖ್ಯಾನ್, ಹೂಬಿಡುವ ಸ್ಥಿತಿಗೆ ಬಂದ ತಂಬಾಕಿನ ಕುಡಿಯು ಆಲೂಗಡ್ಡೆಯ ಬುಡದಲ್ಲಿ ಗೆಡ್ಡೆ ಕಟ್ಟಿಸುವುದನ್ನು ೧೯೮೧ರಲ್ಲಿ ತೋರಿಸಿದರು. ಗೆಡ್ಡೆಗೂ ಹೂವಿಗೂ ಒಂದೇ ಬಗೆಯ ಸಂಕೇತವಿದೆಯೆಂಬ ಸೂಚನೆ ಅದರಲ್ಲಿತ್ತು. ೨೦೧೧ರಲ್ಲಿ ಆಲೂಗಡ್ಡೆಯ ಎಸ್‌ಪಿ೬ಎ ಎಂಬ ಜೀನ್ ಹೂವರಳಿಸುವ ಜೀನಿನ ಬಂಧುವೆಂದೂ ಗೆಡ್ಡೆಯನ್ನು ಪ್ರಚೋದಿಸುವುದು ಅದೇ ಎಂದೂ ಖಚಿತವಾಯಿತು.

೨೦೨೫ರಲ್ಲಿ ಚೀನಾದ ಸಾನ್ವೆನ್ ಹುವಾಂಗ್ ನೇತೃತ್ವದ ತಂಡವು ಪ್ರಕಟಿಸಿದ ಶೋಧವು ಈ ಚರಿತ್ರೆಯನ್ನು ಹಿಂದಕ್ಕೆ ಒಯ್ಯುತ್ತದೆ. ಆಲೂಗಡ್ಡೆಯ ವಂಶವು ಸುಮಾರು ೮೦–೯೦ ಲಕ್ಷ ವರ್ಷಗಳ ಹಿಂದೆ ದಕ್ಷಿಣ ಅಮೆರಿಕದಲ್ಲಿ ಟೊಮ್ಯಾಟೊದ ಪೂರ್ವಜರಿಗೂ ಗೆಡ್ಡೆ ಕಟ್ಟದ ಎಟ್ಯುಬರೋಸಮ್ ಎಂಬ ಸಸ್ಯಗುಂಪಿಗೂ ಉಂಟಾದ ನೈಸರ್ಗಿಕ ಸಂಕರದಿಂದ ಹುಟ್ಟಿತೆಂದು ಅನೇಕ ಜೀನೋಮ್‌ಗಳ ಹೋಲಿಕೆಯಿಂದ ತಿಳಿದುಬಂದಿತು. ಗೆಡ್ಡೆಗೆ ಚಾಲನೆ ನೀಡುವ ಎಸ್‌ಪಿ೬ಎ ಜೀನ್ ಬಂದದ್ದು ಟೊಮ್ಯಾಟೊ ಪಾರ್ಶ್ವದಿಂದ; ನೆಲದೊಳಗಣ ಕಾಂಡವನ್ನು ರೂಪಿಸಲು ನೆರವಾಗುವ ಐಟಿ೧ ಜೀನ್ ಬಂದದ್ದು ಇನ್ನೊಂದು ಪಾರ್ಶ್ವದಿಂದ.

೧೦. ಉಪಸಂಹಾರ

ಮೇಲಿನ ಅವಲೋಕನದಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಟೊಮ್ಯಾಟೊ–ಆಲೂಗಡ್ಡೆ ಕಸಿಯು ಸಾಧ್ಯವಾದುದು, ಪುನರಾವರ್ತಿಸಬಲ್ಲದು; ಕೈತೋಟಕ್ಕೆ, ಶಾಲಾ ಪ್ರಯೋಗಕ್ಕೆ ಯೋಗ್ಯವಾದುದು. ವಿಶಾಲ ಬೇಸಾಯದಲ್ಲಿ ಅದು ಲಾಭದಾಯಕವಾಗಲು ಸಸ್ಯಶರೀರದ ನಿಯಮಗಳೂ ಶ್ರಮದ ಲೆಕ್ಕವೂ ಅಡ್ಡಿಯಾಗಿವೆ. ಬೇರುಸಸಿಯು ಕುಡಿಗೆ ಇಲ್ಲದ ಸಾಮರ್ಥ್ಯವನ್ನು ಒದಗಿಸಿದಾಗ ಮಾತ್ರ ಕಸಿಯಿಂದ ರೈತನಿಗೆ ಪ್ರಯೋಜನವಾಗುತ್ತದೆ. ಆನುವಂಶಿಕತೆಯ ಪ್ರಶ್ನೆಗೆ ಸಂಬಂಧಿಸಿದಂತೆ, ಬೌರ್ ಅವರ ಪದರಸಿದ್ಧಾಂತ, ಡಾಸನ್ ಅವರ ರಾಸಾಯನಿಕ ಸಾಕ್ಷ್ಯ, ಬಾಕ್ ಅವರ ಡಿಎನ್‌ಎ ಶೋಧ ಇವು ಒಂದನ್ನೊಂದು ತಿದ್ದುತ್ತ ಬೆಳೆದ ತಿಳಿವಳಿಕೆಯ ಹಂತಗಳಾಗಿವೆ. ಆ ತಿದ್ದುಪಡಿಗೆ ಅವಕಾಶವಿಲ್ಲದಂತೆ ಮಾಡಿದ ಒಂದು ಕಾಲದಲ್ಲಿ ಬೆಳೆಗಳ ಬೀಜ ಕಾದವರನ್ನೇ ನಾಡು ಕಳೆದುಕೊಂಡಿತು. ಕೃಷಿವಿಜ್ಞಾನದ ಇತಿಹಾಸವನ್ನು ಬರೆಯುವವರು ಫಸಲಿನ ಅಂಕಿಗಳೊಡನೆ ಈ ನಷ್ಟವನ್ನೂ ದಾಖಲಿಸುವುದು ಅಗತ್ಯ.